ಗ್ರಿಡ್ ಗಣನೆ: ಯಂತ್ರಗಳ ಮುಯ್ಯಾಳು

ನಾಟಿಯ ಕಾಲ ಬಂದಿತೆಂದರೆ ನಮ್ಮ ಹಳ್ಳಿಯಲ್ಲಿ ಮುಯ್ಯಾಳುಗಳ ಓಡಾಟ ಮೊದಲಾಗುತ್ತದೆ. ಇಂದು ಹತ್ತು ಮನೆಯವರು ನಮ್ಮ ಗದ್ದೆಯಲ್ಲಿ ದುಡಿದರೆ, ನಾಳೆ ಅವರ ಗದ್ದೆಗೆ ನಾವು ಹೋಗತಕ್ಕದ್ದು. ಕೂಲಿಯ ಮಾತಿಲ್ಲ, ಕೆಲಸಕ್ಕೆ ಕೆಲಸವೇ ಪ್ರತಿಫಲ. ಓದುಬರಹವರಿಯದ ನನ್ನ ತಂದೆಯವರಿಗೆ ಗ್ರಿಡ್ ಗಣನೆಯನ್ನು ವಿವರಿಸಬೇಕಾಗಿ ಬಂದಾಗ ನೆರವಾದುದು ಈ ಪದ್ಧತಿಯೇ.

ಒಂದೇ ಕಂಪ್ಯೂಟರು ವರ್ಷಗಟ್ಟಲೆ ಮಾಡಬೇಕಾದ ಲೆಕ್ಕವನ್ನು ತುಂಡುತುಂಡಾಗಿ ವಿಂಗಡಿಸಿ, ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಒಡೆಯರ ವಶದಲ್ಲಿರುವ ಕಂಪ್ಯೂಟರುಗಳಿಗೆ ಹಂಚಿ, ಉತ್ತರಗಳನ್ನು ಒಟ್ಟುಗೂಡಿಸುವುದೇ ಗ್ರಿಡ್ ಗಣನೆ. ಈ ಹೆಸರು ವಿದ್ಯುಜ್ಜಾಲದಿಂದ ಬಂದುದು. ದೀಪದ ಗುಂಡಿಯನ್ನು ಒತ್ತುವವನು ವಿದ್ಯುತ್ತು ಶರಾವತಿಯದೋ ರಾಯಚೂರಿನದೋ ಎಂದು ವಿಚಾರಿಸುವುದಿಲ್ಲ. ಗಣನಶಕ್ತಿಯೂ ಹಾಗೆಯೇ ದೊರೆಯಬೇಕೆಂಬುದು ಇದರ ಆಶಯ. ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸಲ್‌ಮನ್ ಎಂಬ ವಿಜ್ಞಾನಿಗಳು 1998ರಲ್ಲಿ ಸಂಪಾದಿಸಿದ ಗ್ರಂಥವು ಈ ಕಲ್ಪನೆಯನ್ನು ಪ್ರಚುರಪಡಿಸಿತು.

ಇದು ನಡೆಯುವ ಬಗೆ ಹೇಗೆ? ಎಲ್ಲ ಯಂತ್ರಗಳ ನಡುವೆ ‘ಮಿಡಲ್‌ವೇರ್’ ಎಂಬ ತಂತ್ರಾಂಶವು ಮೇಸ್ತ್ರಿಯಂತೆ ನಿಂತಿರುತ್ತದೆ. ಕೆಲಸ ತಂದವನು ಯಾರೆಂದು ಡಿಜಿಟಲ್ ಪ್ರಮಾಣಪತ್ರದಿಂದ ತಿಳಿಯುವುದು, ಬಿಡುವಾಗಿರುವ ಯಂತ್ರವನ್ನು ಹುಡುಕುವುದು, ಕೆಲಸವನ್ನು ಅಲ್ಲಿಗೆ ಕಳುಹಿಸುವುದು, ಆ ಯಂತ್ರ ಕೆಟ್ಟರೆ ಬೇರೊಂದಕ್ಕೆ ವಹಿಸುವುದು, ಇವೆಲ್ಲ ಅದರ ಹೊಣೆ.

ಜಿನೀವಾ ನಗರದ ಬಳಿಯಿರುವ ಸೆರ್ನ್ ಸಂಸ್ಥೆಯ ಗ್ರಿಡ್ಡು ಇದಕ್ಕೆ ಉತ್ತಮ ನಿದರ್ಶನ. 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಅದರಲ್ಲಿ ಕೂಡಿಕೊಂಡಿವೆ. ಮುಂಬಯಿ ಮತ್ತು ಕೋಲ್ಕತ್ತದ ಸಂಶೋಧನಾಲಯಗಳೂ ಅವುಗಳಲ್ಲಿ ಸೇರಿವೆ. 2012ರ ಜುಲೈ 4ರಂದು ಪ್ರಕಟವಾದ ಹಿಗ್ಸ್ ಕಣದ ಶೋಧದ ಹಿಂದೆ ಈ ಗ್ರಿಡ್ಡಿನ ದುಡಿಮೆಯಿತ್ತು.

ಇಷ್ಟನ್ನು ಕೇಳಿದ ತಂದೆಯವರು, “ಬಂದವನು ಕಳ್ಳಗೆಲಸ ಮಾಡಿದರೆ?” ಎಂದರು. ಪ್ರಶ್ನೆ ಸಣ್ಣದಲ್ಲ. ಗ್ರಿಡ್ಡಿನ ಸಮೀಪದ ಬಂಧುವಾದ ‘ಸೆಟಿ ಅಟ್ ಹೋಂ’ ಯೋಜನೆಯಲ್ಲಿ ಇದಕ್ಕೆ ಉತ್ತರವುಂಟು. ಆಕಾಶದಿಂದ ಬಂದ ರೇಡಿಯೋ ಅಲೆಗಳಲ್ಲಿ ಅನ್ಯಲೋಕದ ಸುಳಿವನ್ನರಸಲು ಬರ್ಕ್ಲಿಯ ವಿಶ್ವವಿದ್ಯಾನಿಲಯವು 1999ರಲ್ಲಿ ಆರಂಭಿಸಿದ ಯೋಜನೆಯಿದು. ಸುಮಾರು 107 ಸೆಕೆಂಡುಗಳ ದಾಖಲೆಯನ್ನು ಒಂದು ತುಂಡಾಗಿಸಿ ಸ್ವಯಂಸೇವಕರ ಮನೆಯ ಕಂಪ್ಯೂಟರುಗಳಿಗೆ ಕಳುಹಿಸುತ್ತಿದ್ದರು. ಒಂದೇ ತುಂಡನ್ನು ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಕೊಟ್ಟು, ಉತ್ತರಗಳನ್ನು ತಾಳೆ ನೋಡುತ್ತಿದ್ದರು. 2020ರ ಮಾರ್ಚಿಯಲ್ಲಿ ತುಂಡುಗಳ ಹಂಚಿಕೆ ನಿಂತಿತು. ಅನ್ಯಲೋಕದ ಸಂದೇಶ ದೊರೆಯಲಿಲ್ಲವಾದರೂ ಮಾರ್ಗವೊಂದು ದೊರೆಯಿತು.

ಆದರೆ ಗ್ರಿಡ್ಡು ಸರ್ವರೋಗಕ್ಕೂ ಮದ್ದಲ್ಲ. ಹತ್ತು ಜನ ಸೇರಿದರೆ ನಾಟಿ ಬೇಗ ಮುಗಿದೀತು; ಪೈರು ಬೇಗ ಬೆಳೆಯದು. ಹಿಂದಿನ ಉತ್ತರ ಬಂದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕಾದ ಲೆಕ್ಕಕ್ಕೆ ಸಾವಿರ ಯಂತ್ರಗಳಿದ್ದರೂ ಪ್ರಯೋಜನ ಅಲ್ಪ.

ಸಂಜೆಯಾದ ಮೇಲೆ ನಮ್ಮ ಕಾಲೇಜಿನ ಕಂಪ್ಯೂಟರುಗಳೂ ಬಿಡುವಾಗಿರುತ್ತವೆ. ವಿದ್ಯುತ್ತಿನ ವೆಚ್ಚವುಂಟೆಂಬುದು ನಿಜ. ಆದರೂ ವಾರಕ್ಕೆ ಕೆಲವು ಗಂಟೆಗಳಾದರೂ, ಪ್ರೋಟೀನುಗಳು ಮಡಿಚಿಕೊಳ್ಳುವ ಬಗೆಯನ್ನು ಲೆಕ್ಕಹಾಕುವ ‘ಫೋಲ್ಡಿಂಗ್ ಅಟ್ ಹೋಂ’ನಂತಹ ಯೋಜನೆಗೆ ಅವನ್ನು ಬಿಟ್ಟುಕೊಡಬಹುದೇ ಎಂಬುದನ್ನು ಅಧ್ಯಾಪಕರೂ ಗೆಳೆಯರೂ ಆಲೋಚಿಸಬೇಕೆಂದು ನನ್ನ ವಿನಂತಿ. ಜಗತ್ತಿನ ಲೆಕ್ಕಗಳ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ. ಮುಯ್ಯಿ ತೀರಿಸುವುದು ನಮ್ಮ ಊರಿನ ರೂಢಿಯಲ್ಲವೇ?