ಮಲೆನಾಡಿನ ಮಸಾಲೆ ತೋಟ, ಕೃಷ್ಣಾತೀರದ ಅರಿಶಿಣ: ಒಂದು ವಾಣಿಜ್ಯ ಅಧ್ಯಯನ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳೆಂದೊಡನೆ ಕಬ್ಬು, ಸಕ್ಕರೆ ಮತ್ತು ನೇಕಾರಿಕೆ ನೆನಪಾಗುವುದು ಸಹಜ. ಆದರೆ ಕೃಷ್ಣಾ ನದಿಯ ನೀರಾವರಿ ಪ್ರದೇಶದಲ್ಲಿ, ವಿಶೇಷವಾಗಿ ತೇರದಾಳ-ರಬಕವಿ ಸುತ್ತಲಿನ ಗ್ರಾಮಗಳಲ್ಲಿ, ಅರಿಶಿಣವೂ ಗಮನಾರ್ಹ ಹುಟ್ಟುವಳಿಯಾಗಿದೆ. ಈ ಮಾಲು ಮಹಾರಾಷ್ಟ್ರದ ಸಾಂಗ್ಲಿ ಪೇಟೆಗೂ ಸಾಗಿ, ಅಲ್ಲಿಯ ಸವಾಲಿನಲ್ಲಿ ದರ ಪಡೆಯುತ್ತದೆ. ಮಸಾಲೆ ಪದಾರ್ಥವೊಂದರ ದರವನ್ನು ಬೆಳೆದ ಊರಿನಲ್ಲಿಯೇ ಭದ್ರಪಡಿಸುವ ಬಗೆ ಹೇಗೆ? ಇದನ್ನು ತಿಳಿಯಲು ಇದೇ ರಾಜ್ಯದ ಶಿರಸಿ ಸೀಮೆಯ ಅನುಭವವನ್ನು ಪರಿಶೀಲಿಸುವುದು ಉಪಯುಕ್ತ.

ಶಿರಸಿಯ ತೋಟಪಟ್ಟಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಹುಲೇಕಲ್, ವಾನಳ್ಳಿ ಮುಂತಾದ ಊರುಗಳು ಗುಡ್ಡಗಳ ನಡುವಿನ ಕಣಿವೆಗಳಲ್ಲಿ ನೆಲೆಸಿವೆ. ಇಲ್ಲಿಯ ತೋಟದಲ್ಲಿ ಅಡಿಕೆ ಮುಖ್ಯ ಬೆಳೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ನೆರಳಿನಲ್ಲಿ ಏಲಕ್ಕಿ, ಜಾಯಿಕಾಯಿ ಬೆಳೆಯುತ್ತವೆ. ತೋಟಕ್ಕೆ ಬೇಕಾದ ಹಸಿರು ಸೊಪ್ಪು ಪಕ್ಕದ ಸೊಪ್ಪಿನ ಬೆಟ್ಟದಿಂದ ಬರುತ್ತದೆ. ಹಿಡುವಳಿ ಚಿಕ್ಕದಾದರೂ ಒಂದು ಬೆಳೆಯ ದರ ಕುಸಿದಾಗ ಇನ್ನೊಂದು ಬೆಳೆ ಕುಟುಂಬವನ್ನು ಹಿಡಿದು ನಿಲ್ಲಿಸುತ್ತದೆ.

ಆದರೆ ತೋಟದ ಬಲವೊಂದೇ ಸಾಲದು. ಶಿರಸಿಯಲ್ಲಿ 1923ರಲ್ಲಿಯೇ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾಯಿತು. ಬೆಳೆಗಾರರ ಮಾಲನ್ನು ಒಂದೆಡೆ ಸೇರಿಸಿ, ದರ್ಜೆವಾರು ಇರಿಸಿ, ವರ್ತಕರಿಂದ ಟೆಂಡರ್ ಪಡೆದು ಮಾರುವ ಪದ್ಧತಿ ಅಲ್ಲಿ ಬೇರೂರಿತು. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕ ನೋಂದಣಿ ದೊರೆಯಿತು.

ಅಳತೆಯೇ ದರದ ಆಧಾರ

ಕಾಳುಮೆಣಸಿನ ವ್ಯಾಪಾರದಲ್ಲಿ ‘ಲೀಟರ್ ತೂಕ’ ಎಂಬ ಅಳತೆಯುಂಟು. ಒಂದು ಲೀಟರ್ ಪಾತ್ರೆಯಲ್ಲಿ ಹಿಡಿಯುವ ಕಾಳು 500 ಗ್ರಾಂ ತೂಗುವುದೋ 550 ಗ್ರಾಂ ತೂಗುವುದೋ ಎಂಬುದರ ಮೇಲೆ ದರ್ಜೆ ನಿರ್ಧಾರವಾಗುತ್ತದೆ. ಎಳೆಯ ಕಾಳು, ಜೊಳ್ಳು ಕಾಳು ಬೆರೆತರೆ ತೂಕ ಇಳಿಯುತ್ತದೆ. ಇದರೊಂದಿಗೆ ತೇವಾಂಶವನ್ನೂ ನೋಡಲಾಗುತ್ತದೆ. ಹೀಗಾಗಿ ಗೊನೆಯಲ್ಲಿ ಒಂದೆರಡು ಕಾಳು ಕೆಂಪಾಗುವವರೆಗೆ ಕಾದು ಕೊಯ್ದ ಬೆಳೆಗಾರನ ಶ್ರಮ ಅಳತೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಅರಿಶಿಣದ ಲೆಕ್ಕ

ಮೇ-ಜೂನ್‌ನಲ್ಲಿ ನಾಟಿ ಮಾಡಿದ ಅರಿಶಿಣ ಸುಮಾರು ಎಂಟು-ಒಂಬತ್ತು ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತ ಮಾಲನ್ನು ಕುದಿಸಿ, 10ರಿಂದ 15 ದಿನ ಬಿಸಿಲಿಗೆ ಒಣಗಿಸಿ, ಪಾಲಿಶ್ ಮಾಡಲಾಗುತ್ತದೆ. ನೂರು ಕ್ವಿಂಟಲ್ ಹಸಿ ಅರಿಶಿಣಕ್ಕೆ ಒಣ ಮಾಲು ಸುಮಾರು 20 ಕ್ವಿಂಟಲ್ ಮಾತ್ರ. ಒಣಗಿದ ಮಾಲಿನ ತೇವಾಂಶ ಶೇ. 10ರ ಸುಮಾರಿಗೆ ಇಳಿದಿರುವುದು ಉತ್ತಮ.

ಇಲ್ಲಿಯೇ ಒಂದು ತೊಡಕಿದೆ. ಶೇ. 14 ತೇವಾಂಶವಿರುವ 100 ಕಿಲೋ ಅರಿಶಿಣವನ್ನು ಶೇ. 10ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 95.5 ಕಿಲೋ. ಎರಡೂ ಮಾಲಿಗೆ ಒಂದೇ ದರ ಸಿಕ್ಕರೆ, ಚೆನ್ನಾಗಿ ಒಣಗಿಸಿದ ರೈತನಿಗೆ ಕ್ವಿಂಟಲಿಗೆ ನಾಲ್ಕೂವರೆ ಕಿಲೋದಷ್ಟು ನಷ್ಟ. ಹಸಿ ಮಾಲು ಗೋದಾಮಿನಲ್ಲಿ ಬೂಷ್ಟು ಹಿಡಿದರೆ ನಷ್ಟ ವರ್ತಕನಿಗೆ. ಈ ಭಯದಿಂದ ಖರೀದಿದಾರನು ಎಲ್ಲ ಮಾಲಿಗೂ ದರ ತಗ್ಗಿಸಿಯೇ ಕೇಳುತ್ತಾನೆ. ಅಳತೆಯಿಲ್ಲದ ಪೇಟೆಯಲ್ಲಿ ಪ್ರಾಮಾಣಿಕನೇ ದಂಡ ತೆರುವನು ಎಂಬುದು ಇದರ ಸಾರ.

ಬಣ್ಣದ ವಿಷಯವೂ ಇಂಥದೇ. ಕಣ್ಣಂದಾಜಿನಿಂದ ದರ ಕಟ್ಟುವಲ್ಲಿ ಕೃತಕ ಬಣ್ಣದ ಆಸೆ ಹುಟ್ಟುತ್ತದೆ. ಸೀಸದ ಕ್ರೋಮೇಟ್ ವಿಷಕಾರಿ; ಅದರ ಬಳಕೆ ಕಾನೂನಿನ ಪ್ರಕಾರ ನಿಷಿದ್ಧ. ಅರಿಶಿಣಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅಂಶವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದೇ ಸರಿಯಾದ ಮಾರ್ಗ.

ವರ್ತಕರು ಗಮನಿಸಬೇಕಾದ ಅಂಶಗಳು

1. ಶೇ. 10 ತೇವಾಂಶವನ್ನು ಮೂಲವಾಗಿಟ್ಟು ದರ ಹೇಳಿ, ಹೆಚ್ಚಿನ ತೇವಾಂಶಕ್ಕೆ ಲೆಕ್ಕದಂತೆ ಕಡಿತ ಮಾಡುವುದು. ಇದಕ್ಕೆ ತೇವಾಂಶಮಾಪಕ ಯಂತ್ರ ಅಂಗಳದಲ್ಲಿಯೇ, ರೈತನ ಕಣ್ಣೆದುರಿಗೆ ಇರಬೇಕು.

2. ಬೆರಳು ಅರಿಶಿಣವನ್ನೂ ಗಡ್ಡೆ ಅರಿಶಿಣವನ್ನೂ ಬೇರೆ ಬೇರೆ ರಾಶಿ ಮಾಡುವುದು. ಒಬ್ಬ ರೈತನ ಮಾಲನ್ನು ಇನ್ನೊಬ್ಬನದರೊಂದಿಗೆ ಪರೀಕ್ಷೆಗೆ ಮೊದಲು ಬೆರೆಸದಿರುವುದು.

3. ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿಗಳ ಮೂಲಕ ಕುದಿಸುವ ಹಾಗೂ ಪಾಲಿಶ್ ಯಂತ್ರಗಳನ್ನು ಸಾಮೂಹಿಕವಾಗಿ ಬಳಸುವುದು. ಇದರಿಂದ ಮಾಲಿನ ಗುಣಮಟ್ಟ ಏಕರೂಪವಾಗುತ್ತದೆ.

‘ಸಾಂಗ್ಲಿ ಹಳದಿ’ಗೆ 2018ರಲ್ಲಿ, ಈರೋಡ್ ಅರಿಶಿಣಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. 2025ರ ಜನವರಿಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿಣ ಮಂಡಳಿ ಉದ್ಘಾಟನೆಗೊಂಡಿತು. ಹೆಸರು ಮತ್ತು ಗುಣಮಟ್ಟಗಳೆರಡೂ ದಾಖಲೆಯಲ್ಲಿರುವ ಮಾಲಿಗೆ ಮುಂದಿನ ದಿನಗಳಲ್ಲಿ ಬೇಡಿಕೆ ಹೆಚ್ಚುವುದು. ಶಿರಸಿಯ ಮಳೆ, ಬೆಟ್ಟ, ನೆರಳು ಕೃಷ್ಣಾತೀರಕ್ಕೆ ಬರಲಾರವು. ಆದರೆ ಅಲ್ಲಿಯ ಅಳತೆಯ ಶಿಸ್ತನ್ನು ತರಲು ಮಳೆ ಬೇಕಿಲ್ಲ. ವರ್ತಕರೂ ಬೆಳೆಗಾರರೂ ಒಂದೆಡೆ ಕುಳಿತು ಮುಂದಿನ ಹಂಗಾಮಿಗೆ ಮೊದಲೇ ಒಪ್ಪಂದಕ್ಕೆ ಬಂದರೆ ಸಾಕು.