ಊರಿನ ದಾವೆಯೂ ಕೋರ್ಟಿನ ಹೊಸ ಯಂತ್ರಗಳೂ

ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಊರಿನಲ್ಲಿ ಒಂದಿಲ್ಲೊಂದು ದಾವೆ ಇಲ್ಲದವರು ಕಡಿಮೆ. ಅಣ್ಣತಮ್ಮಂದಿರ ವಾಟ್ನಿ, ಬದುವಿನ ತಂಟೆ, ಸಾಲದ ಚೀಟಿ, ಏನಾದರೊಂದು ಇದ್ದೇ ಇರುತ್ತದೆ. ಮೊನ್ನೆ ಒಬ್ಬ ಗೆಳೆಯರು ಒಂದು ತಾರೀಖಿಗಾಗಿ ಮೂರು ದಿನದ ಪಗಾರ ಬಿಟ್ಟು, ಮುಂಬಯಿಯಿಂದ ರಾತ್ರಿ ಗಾಡಿ ಹಿಡಿದು ವಿಜಯಪುರಕ್ಕೆ ಹೋದರು. ಅಲ್ಲಿಂದ ಬಸ್ಸಿನಲ್ಲಿ ತಾಲೂಕಿನ ಕೋರ್ಟು ಮುಟ್ಟಿದರೆ ನ್ಯಾಯಾಧೀಶರು ರಜೆಯ ಮೇಲಿದ್ದರು. ಮುಂದಿನ ತಾರೀಖು ಬರೆಸಿಕೊಂಡು ತಿರುಗಿ ಬಂದರು. ಬರಿಯ ತಾರೀಖು ತಿಳಿಯಲಿಕ್ಕೆ ಇಂದು ಅಷ್ಟು ದೂರ ಹೋಗಬೇಕಾಗಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಸದಿದ್ದುದು ನಮ್ಮ ತಪ್ಪೂ ಹೌದು. ಆದುದರಿಂದ ಈ ಸಲದ ಪಾಠಕ್ಕೆ ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ.

ಕೋರ್ಟುಗಳಲ್ಲಿ ಗಣಕಯಂತ್ರಗಳನ್ನು ತರುವ ಕೆಲಸಕ್ಕೆ ಸುಪ್ರೀಮ್ ಕೋರ್ಟಿನ ಆಶ್ರಯದಲ್ಲಿ ‘ಇ-ಸಮಿತಿ’ ಎಂಬುದೊಂದುಂಟು. ಅದರ ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಜಿ. ಸಿ. ಭರೂಕಾ. ಇವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರೆಂಬುದನ್ನು ನಾವು ಸ್ವಲ್ಪ ಅಭಿಮಾನದಿಂದಲೇ ಹೇಳಬಹುದು. 2005 ರಲ್ಲಿ ಸಮಿತಿಯ ಯೋಜನೆ ಸಿದ್ಧವಾಯಿತು. ‘ಇ-ಕೋರ್ಟ್ಸ್’ ಎಂಬ ಹೆಸರಿನ ಕೆಲಸವು ಅದರ ಬೆನ್ನಿಗೆ ನಡೆಯಿತು. ಅದರ ಮೂರನೆಯ ಹಂತಕ್ಕೆ ಕೇಂದ್ರ ಸರಕಾರವು 2023 ರ ಸಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಇದರಲ್ಲಿ ಎರಡು ಸಾವಿರ ಕೋಟಿಗೂ ಮಿಕ್ಕ ಹಣವು ಹಳೆಯ ಕಾಗದಪತ್ರಗಳ ಪ್ರತಿಯನ್ನು ಯಂತ್ರದಲ್ಲಿ ಸೇರಿಸಿಡುವದಕ್ಕೇ ಹೋಗತಕ್ಕದ್ದು. ಗೆದ್ದಲು ತಿಂದ ಕಡತ ಕಂಡವರಿಗೆ ಈ ವೆಚ್ಚ ಹೆಚ್ಚೆನಿಸದು.

ಇನ್ನು ನಮ್ಮ ಕೆಲಸದ ಮಾತು. ಜಿಲ್ಲೆ ತಾಲೂಕುಗಳ ಕೋರ್ಟಿನಲ್ಲಿ ದಾಖಲಾದ ಪ್ರತಿಯೊಂದು ಪ್ರಕರಣಕ್ಕೂ ಈಗ ‘ಸಿ.ಎನ್.ಆರ್.’ ಎಂಬ ಹದಿನಾರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಮೊದಲಿನ ಎರಡು ಅಕ್ಷರ ರಾಜ್ಯದವು: ಕರ್ನಾಟಕಕ್ಕೆ ‘ಕೆ.ಎ.’, ಮಹಾರಾಷ್ಟ್ರಕ್ಕೆ ‘ಎಂ.ಎಚ್.’ ಅನಂತರ ಜಿಲ್ಲೆಯ ಮತ್ತು ಕೋರ್ಟಿನ ಗುರುತು, ಬಳಿಕ ಆರು ಅಂಕಿಯ ಕ್ರಮಸಂಖ್ಯೆ, ಕಡೆಗೆ ವರ್ಷ. ದಾವೆಯ ನಂಬರೇ ಬೇರೆ, ಇದೇ ಬೇರೆ. ದಾವೆ ನಂಬರು 50 ಎಂಬುದು ನೂರಾರು ಕೋರ್ಟುಗಳಲ್ಲಿ ಇರಬಹುದು, ಸಿ.ಎನ್.ಆರ್. ಮಾತ್ರ ದೇಶಕ್ಕೆಲ್ಲ ಒಂದೇ. ಮೊಬೈಲಿನಲ್ಲಿ ‘ಇ-ಕೋರ್ಟ್ಸ್ ಸರ್ವಿಸಸ್’ ಎಂಬ ಸರಕಾರಿ ಆ್ಯಪನ್ನು ತೆರೆದು ಇದನ್ನು ಹಾಕಿದರೆ ಹಿಂದಿನ ತಾರೀಖುಗಳು, ಆ ದಿನ ನಡೆದುದೇನು, ಮುಂದಿನ ತಾರೀಖು ಯಾವುದು, ಯಾವ ಹಂತದಲ್ಲಿದೆ ಎಂಬುದೆಲ್ಲ ಕಾಣುತ್ತದೆ. ಹಣವಿಲ್ಲ. ಗುರುತು ಗೊತ್ತಿಲ್ಲದವರು ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿಯೂ ಹುಡುಕಬಹುದು. ಆ್ಯಪಿನ ಕೈಪಿಡಿ ಕನ್ನಡದಲ್ಲಿಯೂ ಇದೆ.

ತಾರೀಖು ತಿಳಿಯುವದು ಸಣ್ಣ ಮಾತೆಂದು ಬಗೆಯಬೇಡಿರಿ. ಪ್ರತಿವಾದಿ ಹಾಜರಾಗದಿದ್ದರೆ ಕೋರ್ಟು ಏಕಪಕ್ಷೀಯವಾಗಿ ಡಿಕ್ರಿ ಮಾಡಬಹುದು. ವಾದಿ ಹಾಜರಾಗದಿದ್ದರೆ ದಾವೆಯನ್ನೇ ವಜಾ ಮಾಡಬಹುದು. ಅದನ್ನು ತೆಗೆಸಿಹಾಕಲು ಅರ್ಜಿ ಕೊಡುವದಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿ. ವಕೀಲರು ನೋಡಿಕೊಳ್ಳುತ್ತಾರೆಂದು ನಂಬಿ ಇಲ್ಲಿ ಸುಮ್ಮನಿದ್ದು, ಹಬ್ಬಕ್ಕೆ ಊರಿಗೆ ಹೋದಾಗ ಹೊಲ ಹೋದ ಸುದ್ದಿ ಕೇಳಿದವರು ನಮ್ಮ ನಡುವೆಯೇ ಇದ್ದಾರೆ. ತಿಂಗಳಿಗೆರಡು ಸಲ ನೋಡುವದು ರೂಢಿಯಾಗಲಿ. ವಕೀಲರ ಮೇಲೆ ಸಂಶಯಪಡಿರೆಂದು ಇದರ ಅರ್ಥವಲ್ಲ. ವಿಷಯ ತಿಳಿದ ಕಕ್ಷಿದಾರನೊಡನೆ ವಕೀಲರಿಗೂ ಕೆಲಸ ಹಗುರ.

ಸಾಕ್ಷಿಯನ್ನೂ ಇಲ್ಲಿಂದಲೇ ಹೇಳಬಹುದೇ? ಇದಕ್ಕೆ ದಾರಿ ತೆರೆದದ್ದು ಮುಂಬಯಿಯದೇ ಒಂದು ಖಟ್ಲೆ. ನ್ಯೂಯಾರ್ಕಿನ ಒಬ್ಬ ವೈದ್ಯರ ಸಾಕ್ಷಿ ಬೇಕಾಗಿತ್ತು. ಅವರು ಭಾರತಕ್ಕೆ ಬರಲೊಪ್ಪಲಿಲ್ಲ. ಸಾಕ್ಷಿಯನ್ನು ಆರೋಪಿಯ ಸಮಕ್ಷಮದಲ್ಲಿ ಪಡೆಯಬೇಕೆಂದು ಕಾನೂನು ಹೇಳುತ್ತದಲ್ಲ, ಪರದೆಯ ಮೇಲೆ ಕಂಡರೆ ಸಮಕ್ಷಮವೇ ಎಂದು ವಾದ ಬೆಳೆಯಿತು. ಸಮಕ್ಷಮವೇ ಸರಿ ಎಂದು ಸುಪ್ರೀಮ್ ಕೋರ್ಟು 2003 ರಲ್ಲಿ ತೀರ್ಪಿತ್ತಿತು. ಆದರೂ ಈ ಪದ್ಧತಿ ತಾಲೂಕಿನವರೆಗೆ ಇಳಿದದ್ದು 2020 ರ ಕೊರೋನಾ ಕಾಲದಲ್ಲಿ. ಇದು ತಾನಾಗಿಯೇ ಸಿಗುವ ಹಕ್ಕಲ್ಲ. ವಕೀಲರ ಮೂಲಕ ಕಾರಣ ತೋರಿಸಿ ವಿನಂತಿಸಬೇಕು, ಒಪ್ಪುವದು ಬಿಡುವದು ನ್ಯಾಯಾಧೀಶರದು. ನಮ್ಮ ಅಭಿಪ್ರಾಯ ಕೇಳಿದರೆ, ಚಿಕ್ಕ ಹಾಜರಿಗಳಿಗೆ ಇದು ಒಳ್ಳೆಯದು. ಆದರೆ ಅಡ್ಡಸವಾಲಿನ ದಿನ ಸಾಧ್ಯವಿದ್ದರೆ ಕಟಕಟೆಯಲ್ಲಿಯೇ ನಿಲ್ಲುವದು ಲೇಸು. ಮಾತು ನಡುವೆ ಕಡಿದುಹೋಗುವ ತಂತಿಯನ್ನು ನಂಬಿ ಹೊಲವನ್ನು ಪಣಕ್ಕಿಡಲಾಗದು.

ಗಾಡಿ ಓಡಿಸುವವರಿಗೊಂದು ಮಾತು. ಸಂಚಾರದ ದಂಡಗಳಿಗಾಗಿ ‘ವರ್ಚುವಲ್ ಕೋರ್ಟು’ ಬಂದಿವೆ. 2019 ರಲ್ಲಿ ದಿಲ್ಲಿಯಲ್ಲಿ ಮೊದಲು ತೆರೆಯಿತು. ಅಲ್ಲಿ ದಂಡ ತುಂಬಬಹುದು, ತಪ್ಪಿಲ್ಲವೆಂದು ತಕರಾರನ್ನೂ ಹೇಳಬಹುದು. ಯಾರೋ ಕಳಿಸಿದ ಸಂದೇಶವನ್ನು ಒತ್ತಿ ಹಣ ತುಂಬಬೇಡಿರಿ. ನಿಜವಾದ ವಿಳಾಸವು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ.

ಇದಕ್ಕಿಂತ ಘೋರವಾದದ್ದು ‘ಡಿಜಿಟಲ್ ಅರೆಸ್ಟ್’ ಎಂಬ ಮೋಸ. ಪೋಲೀಸರ ವೇಷ, ನ್ಯಾಯಾಧೀಶರ ಕರಿಯ ಕೋಟು, ಕೋರ್ಟಿನ ಮೊಹರಿನ ನಕಲಿ ಹುಕುಂ, ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿ ಹಣ ಕಳಿಸೆನ್ನುತ್ತಾರೆ. ಮೊಬೈಲಿನ ಮೂಲಕ ಬಂಧಿಸುವ ಕಾಯದೆ ನಮ್ಮ ದೇಶದಲ್ಲಿಲ್ಲ. ಆದರೆ 2024 ರ ಜುಲೈ 1 ರಿಂದ ಜಾರಿಯಾದ ಹೊಸ ಸಂಹಿತೆಯಂತೆ ನಿಜವಾದ ಸಮನ್ಸೂ ಮೊಬೈಲಿಗೆ ಬರಬಹುದಾದ್ದರಿಂದ, ಬಂದುದನ್ನೆಲ್ಲ ಸುಳ್ಳೆಂದು ಒರೆಸಿಹಾಕಲೂಬಾರದು. ಅದರಲ್ಲಿಯ ಪ್ರಕರಣದ ನಂಬರನ್ನು ಮೇಲೆ ಹೇಳಿದ ಸರಕಾರಿ ಆ್ಯಪಿನಲ್ಲಿ ಹುಡುಕಿರಿ; ಕಾಣದಿದ್ದರೆ ಹತ್ತಿರದ ಕೋರ್ಟಿಗೋ ಠಾಣೆಗೋ ಹೋಗಿ ಕೇಳಿರಿ. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಕಳಿಸಕೂಡದು.

ಮೊಬೈಲು ಬಾರದವರಿಗಾಗಿ ಅನೇಕ ಕೋರ್ಟುಗಳ ಆವರಣದಲ್ಲಿ ‘ಇ-ಸೇವಾ ಕೇಂದ್ರ’ಗಳಿವೆ. ಅಲ್ಲಿ ತಾರೀಖು ಕೇಳಬಹುದು, ನಕಲಿಗೆ ಅರ್ಜಿ ಹಾಕಲು ಸಹಾಯ ಪಡೆಯಬಹುದು. ನೆನಪಿರಲಿ, ಮೊಬೈಲಿನಲ್ಲಿ ಕಾಣುವ ಹುಕುಮು ತಿಳಿವಳಿಕೆಗೆ ಮಾತ್ರ. ತಲಾಠಿಗೆ, ಬ್ಯಾಂಕಿಗೆ ಕೊಡಲು ಕೋರ್ಟಿನ ದೃಢೀಕೃತ ನಕಲೇ ಬೇಕು.

ಸಿ.ಎನ್.ಆರ್. ಹುಡುಕಲು ಬಾರದವರು ಯಾವ ಸಂಜೆಯಾದರೂ ವಾಚನಾಲಯಕ್ಕೆ ಬರಲಿ, ಕೂಡಿಯೇ ನೋಡೋಣ. ಬರುವಾಗ ದಾವೆಯ ಹಳೆಯ ಕಾಗದ ಒಂದಾದರೂ ಕೈಯಲ್ಲಿರಲಿ; ಪಕ್ಷಗಾರರ ಹೆಸರನ್ನು ಅದರಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದಾರೋ ಹಾಗೆಯೇ ಹಾಕಿದರೆ ಬೇಗ ಸಿಕ್ಕುತ್ತದೆ.