ಪರಮಾಣುವಿಗೆ ಮುಪ್ಪಿಲ್ಲ

ಪ್ರೀತಿಯ ಮಗಳೇ,

ವಿಕಿರಣ ಕ್ಷಯದ ಪ್ರೋಗ್ರಾಂ ಬರೆಯಲು ಕೂತಿದ್ದೀಯಂತೆ. ಪಠ್ಯಪುಸ್ತಕದ ನುಣುಪಾದ ಗೆರೆ ಬರಲಿ ಅಂತ ಶುರುವಿಗೇ ಲಕ್ಷ ಪರಮಾಣು ತುಂಬಬೇಡ. 20 ಸಾಕು. ಅರ್ಧಾಯು 10 ಹೆಜ್ಜೆ ಎಂದಿಟ್ಟುಕೋ. ಪ್ರತಿ ಹೆಜ್ಜೆಯಲ್ಲೂ ಉಳಿದಿರುವ ಒಂದೊಂದು ಪರಮಾಣುವಿಗೂ 0ಯಿಂದ 1ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆ ತೆಗೆ. ಅದು 0.067ಕ್ಕಿಂತ ಕಡಿಮೆ ಬಂತೋ, ಆ ಪರಮಾಣು ಹೋಯಿತು.

10 ಹೆಜ್ಜೆಗೆ ಅರ್ಧ ಹೋಗಬೇಕಾದರೆ ಹೆಜ್ಜೆಗೆ 0.05 ಅಲ್ಲವೇ ಎನ್ನುತ್ತೀಯ. ಇಟ್ಟು ನೋಡು, 10 ಹೆಜ್ಜೆ ಕಳೆದರೂ ಶೇಕಡಾ 60ರಷ್ಟು ಉಳಿದೇ ಇರುತ್ತವೆ. ಪ್ರತಿ ಸಲ ಕಳೆಯುವುದು ಮೊದಲಿದ್ದುದರಲ್ಲಿ ಅಲ್ಲ, ಆಗ ಉಳಿದುದರಲ್ಲಿ.

ಈಗ ಮತ್ತೆ ಮತ್ತೆ ಓಡಿಸು. 10 ಹೆಜ್ಜೆಯ ಹೊತ್ತಿಗೆ 10 ಉಳಿಯಬೇಕು, ನಿಜ. ಆದರೆ ಸುಮಾರು ನಾಲ್ಕರಲ್ಲೊಂದು ಸಲ 7 ಅಥವಾ ಇನ್ನೂ ಕಡಿಮೆ, ಇಲ್ಲವೇ 13 ಅಥವಾ ಇನ್ನೂ ಹೆಚ್ಚು ಉಳಿಯುತ್ತವೆ. ಪ್ರೋಗ್ರಾಂ ಕೆಟ್ಟಿತೆಂದು ಗಾಬರಿಯಾಗಬೇಡ, ನೋಡಬೇಕಾದದ್ದೇ ಆ ಏರುಪೇರು. 30 ಹೆಜ್ಜೆ ದಾಟಿಯೂ ಉಳಿದ ಪರಮಾಣುವಿನ ಸರದಿ ಇನ್ನೇನು ಬಂತು ಅನಿಸುತ್ತದೆ. ಇಲ್ಲ, ಅದಕ್ಕೂ ಮುಂದಿನ ಹೆಜ್ಜೆಯಲ್ಲಿ ಅದೇ 0.067. ನಮ್ಮ ಮೊಣಕಾಲಿನ ಹಾಗೆ ಅದು ಸವೆಯುವುದಿಲ್ಲ.

ಇದೆಲ್ಲ ಕಂಪ್ಯೂಟರಿನ ಆಟವಲ್ಲವೇ ಎಂಬ ಅನುಮಾನ ಬಂದರೆ ಒಳ್ಳೆಯದೇ. ಅದಕ್ಕೆ ಮ್ಯಾಂಚೆಸ್ಟರಿನಲ್ಲಿ ದುಡಿದ ಭೌತವಿಜ್ಞಾನಿಗಳಾದ ರುದರ್‌ಫರ್ಡ್ ಮತ್ತು ಗೈಗರ್ 1910ರಲ್ಲಿ ಪ್ರಕಟಿಸಿದ ಎಣಿಕೆ ಇದೆ. ಪೊಲೋನಿಯಂ ಪರಮಾಣು ಕ್ಷಯಿಸಿದಾಗ ಹೊರಟ ಆಲ್ಫಾ ಕಣ ಜಿಂಕ್ ಸಲ್ಫೈಡ್ ಪರದೆಗೆ ಬಡಿದಾಗ ಚಿಕ್ಕದೊಂದು ಮಿಣುಕು. ಸೂಕ್ಷ್ಮದರ್ಶಕದಲ್ಲಿ ಅದು ಕಂಡ ಕೂಡಲೇ ಕೈಯಿಂದ ವಿದ್ಯುತ್ ಮಂಡಲ ಮುಚ್ಚಿ ಓಡುವ ಪಟ್ಟಿಯ ಮೇಲೆ ಗುರುತು ಹಾಕುವುದು. ಹತ್ತು ಸಾವಿರಕ್ಕೂ ಮೀರಿದ ಮಿಣುಕುಗಳು! ಆ ಪಟ್ಟಿಯನ್ನು 7.5 ಸೆಕೆಂಡಿನ 2608 ತುಂಡುಗಳಾಗಿ ವಿಂಗಡಿಸಿದಾಗ ತುಂಡಿಗೆ ಸರಾಸರಿ 3.87 ಕಣ ಬಂತು. 57 ತುಂಡುಗಳಲ್ಲಿ ಒಂದೂ ಇರಲಿಲ್ಲ. ಬೇಟ್‌ಮನ್ ಎಂಬ ಗಣಿತಜ್ಞ ಜೊತೆಗೂಡಿ ಕೊಟ್ಟ ಸೂತ್ರದ ಪ್ರಕಾರ ಖಾಲಿ ಇರಬೇಕಾದವು 54. ಕಣ್ಣಿಂದ ನೋಡಿ ಮಾಡಿದ ಎಣಿಕೆಗೆ ಇದಕ್ಕಿಂತ ಹತ್ತಿರ ಇನ್ನೇನು ಬೇಕು?

ನೀನೂ ಮಾಡಬಹುದು. 7.5 ಸೆಕೆಂಡನ್ನು 1000 ಚೂರು ಮಾಡಿ, ಪ್ರತಿ ಚೂರಿನಲ್ಲಿ ಕಣ ಬರುವ ಸಾಧ್ಯತೆ 0.00387 ಇಡು. ಇಂಥ 2608 ತುಂಡು ಓಡಿಸಿ ಖಾಲಿ ಎಷ್ಟೆಂದು ಎಣಿಸು.

ಒಂದು ಮಾತ್ರ ನೆನಪಿರಲಿ. ನೀನು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಕೊಡುವ ಯಾದೃಚ್ಛಿಕ ಸಂಖ್ಯೆಗಳು ಲೆಕ್ಕ ಹಾಕಿ ತೆಗೆದವು. ಸೀಡ್ ಅಂತ ಕೊಡುವ ಆರಂಭದ ಸಂಖ್ಯೆ ಅದೇ ಇದ್ದರೆ ಅದೇ ಪರಮಾಣು ಅದೇ ಹೆಜ್ಜೆಯಲ್ಲಿ ಹೋಗುತ್ತದೆ. ಪೊಲೋನಿಯಂನಲ್ಲಿ ಹಾಗೆ ಹಿಂದಕ್ಕೆ ತಿರುಗಿಸಿ ನೋಡುವ ಕೀಲಿ ಯಾರಿಗೂ ಸಿಕ್ಕಿಲ್ಲ. ನಿನ್ನ ಪ್ರೋಗ್ರಾಂ ಕ್ಷಯದ ಅಂಕಿಅಂಶವನ್ನು ಅನುಕರಿಸುತ್ತದೆ, ಕಾರಣವನ್ನಲ್ಲ.

ನಿನ್ನ ಪಟ್ಟಿ ಕಳಿಸುವಾಗ ಸೀಡ್ ಎಷ್ಟೆಂದು ಬರೆ. ಇಲ್ಲದಿದ್ದರೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡಲಾಗದು.

ನಿನ್ನ ದೊಡ್ಡಪ್ಪ